ನೀರಿನ ಚೀಟಿ ಓದೋಣ



ನಾವು ಈಗ ಅಕ್ಷರ ಕಲಿತಿದ್ದೇವೆ. ಬಸ್ಸಿನ ಬೋರ್ಡು ಓದುತ್ತೇವೆ. ರೇಷನ್ ಕಾರ್ಡು ಓದುತ್ತೇವೆ. ನೀರಿನ ಹತ್ತಿರವೂ ಓದುವ ಮಾತುಗಳು ಬೇಕಾದಷ್ಟು ಇವೆ. ಶುದ್ಧ ನೀರಿನ ಘಟಕದ ಗೋಡೆ ನೋಡಿ. ಆರ್.ಓ., ಯು.ವಿ., ಟಿ.ಡಿ.ಎಸ್. ಅಂತ ಬರೆದಿರುತ್ತದೆ. ಪಂಚಾಯಿತಿಗೆ ಬರುವ ನೀರು ಪರೀಕ್ಷೆಯ ಚೀಟಿ ನೋಡಿ. ಫ್ಲೋರೈಡ್, ನೈಟ್ರೇಟ್, ಗಡಸುತನ ಅಂತ ಇರುತ್ತದೆ. ಅಕ್ಷರ ಕೂಡಿಸಿ ಓದಿಬಿಡಬಹುದು. ಆದರೆ ಹಾಗಂದ್ರೆ ಏನು?

ಈ ಪಾಠದಲ್ಲಿ ಆ ಮಾತುಗಳ ಅರ್ಥ ತಿಳಿಯೋಣ. ಅರ್ಥ ತಿಳಿಯದಿದ್ದರೆ ಕಷ್ಟಪಟ್ಟು ಮಾಡಿದ ಕೆಲಸವೂ ದಂಡ ಆಗುತ್ತದೆ. ಕೆಲವು ಸಲ ಒಳ್ಳೇದಕ್ಕೆ ಅಂತ ಮಾಡಿದ್ದು ಕೆಟ್ಟದ್ದೂ ಆಗುತ್ತದೆ. ಅದು ಹೇಗೆ ಅಂತ ಮುಂದೆ ಹೇಳ್ತೀವಿ.

ತಿಳಿನೀರೆಲ್ಲ ಒಳ್ಳೆ ನೀರಾ?

ಬಿಂದಿಗೆಯಲ್ಲಿ ನೀರು ತಿಳಿಯಾಗಿದೆ. ತಳ ಕಾಣುತ್ತದೆ. ವಾಸನೆ ಇಲ್ಲ. "ಒಳ್ಳೆ ನೀರು" ಅಂತೀವಿ. ಆದರೆ ಕಣ್ಣಿಗೆ ಕಾಣುವುದು ಸ್ವಲ್ಪ. ಕಾಣದ್ದೇ ಹೆಚ್ಚು.

ನೀರಿನಲ್ಲಿ ಸೇರುವ ಬೇಡದ ವಸ್ತುಗಳು ಮೂರು ಬಗೆ.

ಒಂದು, ಕೆಸರು. ಮಣ್ಣು, ಕಸ, ಪಾಚಿ. ಇದು ಕಣ್ಣಿಗೆ ಕಾಣುತ್ತದೆ. ಚೀಟಿಯಲ್ಲಿ ಇದನ್ನು "ಕದಡಿಕೆ" ಅಂತ ಬರೆದಿರುತ್ತಾರೆ.

ಎರಡು, ರೋಗಾಣು. ಇದಕ್ಕೆ ಜೀವ ಇದೆ. ಆದರೆ ಕಣ್ಣಿಗೆ ಕಾಣುವುದಿಲ್ಲ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಇದರಿಂದ ಬರುತ್ತವೆ. ಮಲ ನೀರಿಗೆ ಸೇರಿದರೆ ರೋಗಾಣುವೂ ಸೇರುತ್ತದೆ.

ಮೂರು, ಕರಗಿದ್ದು. ಇದಕ್ಕೆ ಜೀವ ಇಲ್ಲ. ಕಣ್ಣಿಗೂ ಕಾಣುವುದಿಲ್ಲ. ಸಾರಿಗೆ ಉಪ್ಪು ಹಾಕಿ ಕದಡುತ್ತೀವಿ. ಆಮೇಲೆ ಉಪ್ಪು ಕಾಣುತ್ತದಾ? ಇಲ್ಲ. ಆದರೆ ಸಾರಿನಲ್ಲೇ ಇದೆ. ಹಾಗೆಯೇ ನೆಲದ ಒಳಗಿನ ಕಲ್ಲು ಮಣ್ಣಿನ ಲವಣಗಳು ನೀರಿಗೆ ಕರಗಿರುತ್ತವೆ.

ಈ ಮೂರನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಕೆಸರು ತೆಗೆಯುವ ದಾರಿ ಬೇರೆ. ರೋಗಾಣು ಕೊಲ್ಲುವ ದಾರಿ ಬೇರೆ. ಕರಗಿದ್ದನ್ನು ತೆಗೆಯುವ ದಾರಿಯೇ ಬೇರೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

ಸೋಸುವುದು, ತಿಳಿಗೊಳಿಸುವುದು

ಬಟ್ಟೆಯಲ್ಲಿ ನೀರು ಸೋಸುವುದು ನಮಗೆ ಹೊಸದಲ್ಲ. ಇದರ ಬೆಲೆ ಎಷ್ಟು ದೊಡ್ಡದು ಅಂತ ಒಂದು ಸಂಗತಿ ಹೇಳ್ತೀವಿ.

ಹಿಂದೆ ನಾರುಹುಣ್ಣು ಅಂತ ಒಂದು ಕಾಯಿಲೆ ಇತ್ತು. ಕಾಲಿನಿಂದ ದಾರದ ಹಾಗೆ ಉದ್ದನೆ ಹುಳು ಹೊರಗೆ ಬರುತ್ತಿತ್ತು. ನಮ್ಮ ಕರ್ನಾಟಕದ ಹಳ್ಳಿಗಳಲ್ಲೂ ಇತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಬಹಳ ಸಣ್ಣ ಜೀವಿಯ ಹೊಟ್ಟೆಯಲ್ಲಿ ಈ ಹುಳುವಿನ ಮರಿ ಇರುತ್ತಿತ್ತು. ಜನ ಬಟ್ಟೆಯಲ್ಲಿ ಸೋಸಿ ಕುಡಿದರು. ಮೆಟ್ಟಿಲು ಬಾವಿಗೆ ಇಳಿಯುವುದು ಬಿಟ್ಟರು. ಕಾಯಿಲೆ ನಿಂತಿತು. ನಮ್ಮ ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ "ಭಾರತದಲ್ಲಿ ನಾರುಹುಣ್ಣು ಇಲ್ಲ" ಅಂತ ಸಾರಿತು.

ಆದರೆ ಬಟ್ಟೆಗೂ ಒಂದು ಮಿತಿ ಇದೆ. ಬಹುತೇಕ ರೋಗಾಣುಗಳು ಬಟ್ಟೆಯ ಎಳೆಗಳ ಸಂದಿಗಿಂತ ಬಹಳ ಸಣ್ಣವು. ಅವು ನುಸುಳಿ ಹೋಗುತ್ತವೆ. ಆದ್ದರಿಂದ ಸೋಸಿದ ಮೇಲೂ ರೋಗಾಣು ಕೊಲ್ಲಬೇಕು.

ಕೆರೆ, ಹೊಳೆ ನೀರು ಬಗ್ಗಡ ಇದ್ದರೆ ಪಟಿಕ ಹಾಕುತ್ತಾರೆ. ಇದಕ್ಕೆ ಆಲಂ ಅಂತಲೂ ಹೆಸರು. ಹಿಂದಿನವರು ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು. ಪಟಿಕ ಹಾಕಿದಾಗ ಸಣ್ಣ ಸಣ್ಣ ಮಣ್ಣಿನ ಕಣಗಳು ಒಂದಕ್ಕೊಂದು ಅಂಟುತ್ತವೆ. ಭಾರವಾಗಿ ತಳಕ್ಕೆ ಇಳಿಯುತ್ತವೆ. ಮೇಲೆ ತಿಳಿನೀರು ಉಳಿಯುತ್ತದೆ.

ಪಟ್ಟಣದಲ್ಲೂ ಮಾಡುವುದು ಇದನ್ನೇ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಆ ನೀರನ್ನು ಶುದ್ಧ ಮಾಡುತ್ತಾರೆ. ಮೊದಲು ಪಟಿಕ. ಆಮೇಲೆ ತಿಳಿಯಾಗಲು ಬಿಡುವುದು. ಆಮೇಲೆ ಮರಳಿನಲ್ಲಿ ಸೋಸುವುದು. ಕೊನೆಗೆ ಕ್ಲೋರಿನ್. ನಮ್ಮ ಅಡುಗೆಮನೆಯ ಕೆಲಸವೇ ಅಲ್ಲಿ ದೊಡ್ಡದಾಗಿ ನಡೆಯುತ್ತದೆ, ಅಷ್ಟೇ.

ಕುದಿಸುವುದು, ಕ್ಲೋರಿನ್ ಹಾಕುವುದು

ರೋಗಾಣು ಕೊಲ್ಲಲು ಕುದಿಸುವುದು ಬಹಳ ಒಳ್ಳೆ ದಾರಿ. ನೀರು ಬೆಚ್ಚಗಾದರೆ ಸಾಲದು. ಕೊತಕೊತ ಕುದಿಯಬೇಕು. ಆಮೇಲೆ ಮುಚ್ಚಿ ಆರಲು ಬಿಡಿ. ಕೈ ಅದ್ದಿ ನೀರು ತೆಗೆಯಬೇಡಿ. ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಿರಿ.

ಊರಿನ ಟ್ಯಾಂಕಿಗೆ ನೀರುಗಂಟಿ ಬ್ಲೀಚಿಂಗ್ ಪೌಡರ್ ಹಾಕುತ್ತಾನೆ. ಅದರಲ್ಲಿ ಇರುವ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಹಾಕಿದ ತಕ್ಷಣ ಕುಡಿಯಬಾರದು. ಅರ್ಧ ಗಂಟೆ ಬಿಡಬೇಕು. ಪೌಡರಿನ ಚೀಲದ ಬಾಯಿ ಬಿಗಿಯಾಗಿ ಕಟ್ಟಿರಬೇಕು. ಗಾಳಿ ಆಡಿದರೆ, ತೇವ ತಾಕಿದರೆ ಅದರ ಶಕ್ತಿ ಹೋಗುತ್ತದೆ. ಶಕ್ತಿ ಹೋದ ಪೌಡರ್ ಎಷ್ಟು ಸುರಿದರೂ ಉಪಯೋಗ ಇಲ್ಲ.

"ನಲ್ಲಿ ನೀರು ವಾಸನೆ ಬರ್ತದೆ, ನಾವು ಕುಡಿಯೋದಿಲ್ಲ" ಅಂತ ಕೆಲವರು ಅಂತಾರೆ. ಆ ಸಣ್ಣ ವಾಸನೆ ಕಾವಲುಗಾರ ಇದ್ದ ಹಾಗೆ. ಟ್ಯಾಂಕಿನಿಂದ ಮನೆಗೆ ಬರುವ ದಾರಿಯಲ್ಲಿ ಪೈಪು ಎಲ್ಲೋ ಒಡೆದಿರಬಹುದು. ಚರಂಡಿ ನೀರು ನುಗ್ಗಬಹುದು. ಆಗ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಆ ರೋಗಾಣುಗಳ ಮೇಲೂ ಕೆಲಸ ಮಾಡುತ್ತದೆ. ಇದಕ್ಕೆ "ಉಳಿಕೆ ಕ್ಲೋರಿನ್" ಅಂತ ಹೆಸರು. ಕ್ಲೋರಿನ್ ಹಾಕಿದ ನೀರು ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಚರಂಡಿ ನೀರು ಹೆಚ್ಚು ಸೇರಿದರೆ ಇದೂ ಸಾಲದು. ಒಡೆದ ಪೈಪನ್ನು ಬೇಗ ಸರಿ ಮಾಡಿಸಲೇಬೇಕು.

ಮನೆಗೆ ಕ್ಲೋರಿನ್ ಮಾತ್ರೆ ಕೊಟ್ಟರೆ ಪಟ್ಟಿಯ ಮೇಲೆ ಬರೆದದ್ದನ್ನು ಓದಿ. ಒಂದು ಮಾತ್ರೆ ಎಷ್ಟು ಲೀಟರಿಗೆ ಅಂತ ಅಲ್ಲಿ ಇರುತ್ತದೆ. ಅಂದಾಜಿನಲ್ಲಿ ಹಾಕಬೇಡಿ.

ಕರಗಿದ್ದನ್ನು ಏನು ಮಾಡುವುದು?

ಈಗ ಮುಖ್ಯ ವಿಷಯಕ್ಕೆ ಬಂದೆವು.

ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ. ಬೇಳೆ ಬೇಗ ಬೇಯುವುದಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪರೆ ಕಟ್ಟುತ್ತದೆ. ಇದು ಗಡಸು ನೀರು. ಅದರಲ್ಲಿ ಸುಣ್ಣದಂಥ ಲವಣಗಳು ಹೆಚ್ಚು. ಚೀಟಿಯಲ್ಲಿ ಇದನ್ನೇ "ಗಡಸುತನ" ಅಂತ ಬರೆಯುತ್ತಾರೆ.

ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕಕ್ಕೆ "ಟಿ.ಡಿ.ಎಸ್." ಅಂತ ಹೆಸರು. ಪೆನ್ನಿನಂಥ ಒಂದು ಮೀಟರನ್ನು ನೀರಿನಲ್ಲಿ ಅದ್ದಿ ಇದನ್ನು ನೋಡುತ್ತಾರೆ. ಇದು ಒಟ್ಟು ಲೆಕ್ಕ ಮಾತ್ರ. ಸಂತೆಯಿಂದ ತಂದ ಚೀಲದ ತೂಕ ಎಷ್ಟು ಅಂದರೆ ಹೇಳಬಹುದು. ಒಳಗೆ ಈರುಳ್ಳಿ ಎಷ್ಟು, ಮೆಣಸಿನಕಾಯಿ ಎಷ್ಟು ಅಂತ ತೂಕ ಹೇಳುವುದಿಲ್ಲ. ಹಾಗೆಯೇ ಟಿ.ಡಿ.ಎಸ್. ಕಡಿಮೆ ಇದ್ದ ನೀರಿನಲ್ಲೂ ಫ್ಲೋರೈಡ್ ಹೆಚ್ಚಿರಬಹುದು. ರೋಗಾಣು ಇದೆಯೋ ಇಲ್ಲವೋ ಅಂತ ಈ ಮೀಟರು ಹೇಳುವುದೇ ಇಲ್ಲ.

ಹಾಗಾದರೆ ಫ್ಲೋರೈಡ್ ಅಂದ್ರೆ ಏನು? ಅದೂ ಕಲ್ಲಿನಲ್ಲಿ ಇರುವ ಒಂದು ಲವಣ. ನೀರು ಆಳದ ಬಂಡೆಗಳ ಸಂದಿಯಲ್ಲಿ ಬಹಳ ಕಾಲ ನಿಂತಾಗ ಅದು ಕರಗಿ ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣ ಇಲ್ಲ. ನೀರಿಗೆ ಸೇರಿದರೆ ವಾಸನೆ ಇಲ್ಲ, ರುಚಿಯೂ ಗೊತ್ತಾಗುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡ, ಕೋಲಾರ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಇದು ಹೆಚ್ಚು. ತುಂಗಭದ್ರಾ ಹಿನ್ನೀರನ್ನು ಪಾವಗಡದ ಕಡೆಗೆ ಪೈಪಿನಲ್ಲಿ ತರುವ ಯೋಜನೆ ಮಾಡಿದ್ದಕ್ಕೆ ಇದು ಒಂದು ದೊಡ್ಡ ಕಾರಣ.

ಫ್ಲೋರೈಡ್ ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬೀಳುತ್ತವೆ. ಹಲ್ಲು ಉಜ್ಜಿದರೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಸೇರುತ್ತದೆ. ಮಂಡಿ, ಸೊಂಟ, ಕತ್ತು ಹಿಡಿಯುತ್ತವೆ. ಕೆಲವರ ಬೆನ್ನು ಬಾಗುತ್ತದೆ. ಒಮ್ಮೆ ಮೂಳೆ ಹಾಳಾದ ಮೇಲೆ ಸರಿ ಮಾಡುವ ಔಷಧಿ ಇಲ್ಲ. "ಅದು ನಮ್ಮ ಹಣೆಬರಹ, ನಮ್ಮ ವಂಶದ ಹಲ್ಲೇ ಹಾಗೆ" ಅಂತ ಸುಮ್ಮನಾಗುವುದು ಬೇಡ. ಅದು ನೀರಿನಿಂದ ಬಂದದ್ದು ಇರಬಹುದು. ನಮ್ಮ ದೇಶದಲ್ಲಿ ಈ ಕಾಯಿಲೆ ನೀರಿನಿಂದ ಬರುತ್ತದೆ ಅಂತ 1937ರಲ್ಲೇ ಗುರುತಿಸಿದರು. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಅದು ಕಂಡುಬಂತು.

ಕುದಿಸಿದರೆ ಫ್ಲೋರೈಡ್ ಹೋಗುತ್ತದಾ?

ಹೋಗುವುದಿಲ್ಲ. ಇನ್ನೂ ಹೆಚ್ಚಾಗುತ್ತದೆ!

ಸಾರನ್ನು ನೆನೆಸಿಕೊಳ್ಳಿ. ಒಲೆಯ ಮೇಲೆ ಮರೆತು ಬಹಳ ಹೊತ್ತು ಬಿಟ್ಟರೆ ಏನಾಗುತ್ತದೆ? ನೀರು ಆವಿಯಾಗಿ ಹೋಗುತ್ತದೆ. ಉಪ್ಪು ಹೋಗುವುದಿಲ್ಲ. ಸಾರು ಉಪ್ಪುಪ್ಪಾಗುತ್ತದೆ. ಫ್ಲೋರೈಡ್ ಕೂಡ ಹಾಗೆಯೇ.

ಲೆಕ್ಕ ಮಾಡಿ ನೋಡೋಣ. ಪಾತ್ರೆಯಲ್ಲಿ 10 ಲೀಟರ್ ನೀರಿದೆ. ಒಂದು ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇದೆ. ಒಟ್ಟು ಎಷ್ಟು? 20 ಮಿಲಿಗ್ರಾಂ. ಕುದಿಸಿ ಕುದಿಸಿ 8 ಲೀಟರ್ ಉಳಿಯಿತು. ಫ್ಲೋರೈಡ್ ಅಷ್ಟೇ ಇದೆ, 20 ಮಿಲಿಗ್ರಾಂ. ಈಗ ಒಂದು ಲೀಟರಿಗೆ ಎಷ್ಟಾಯಿತು? ಎರಡೂವರೆ ಮಿಲಿಗ್ರಾಂ.

ನೋಡಿದಿರಾ? ತಾಯಿ ಸೌದೆ ತಂದಳು. ಹೊಗೆ ಕುಡಿದಳು. ಮಗುವಿಗೆ ಒಳ್ಳೇದಾಗಲಿ ಅಂತ ನೀರು ಕುದಿಸಿದಳು. ರೋಗಾಣು ಸತ್ತವು. ಆದರೆ ಫ್ಲೋರೈಡ್ ಮಗುವಿನ ಲೋಟಕ್ಕೆ ಹೆಚ್ಚಾಗಿಯೇ ಬಂತು. ಕುದಿಸುವುದು ತಪ್ಪಲ್ಲ. ಆದರೆ ಆ ನೀರಿಗೆ ಅದು ಸಾಲದು. ಕ್ಲೋರಿನ್ ಹಾಕಿದರೂ ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ನೈಟ್ರೇಟ್ ಕೂಡ ಹೀಗೆಯೇ. ತಿಪ್ಪೆ, ಕಕ್ಕಸು ಗುಂಡಿ, ಹೊಲದ ಯೂರಿಯಾ ಇವುಗಳಿಂದ ಇಳಿದು ನೀರಿಗೆ ಸೇರುತ್ತದೆ. ಕುದಿಸಿದರೆ ಹೋಗುವುದಿಲ್ಲ. ಹಸುಗೂಸಿಗೆ ಬಾಟಲಿ ಹಾಲು ಕಲಸಲು ಇಂಥ ನೀರು ಹಾಕಿದರೆ ಅಪಾಯ. ಕೂಸಿನ ಮೈ ನೀಲಿಗಟ್ಟಬಹುದು. ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ ಅಂತ ಹೇಳುವುದಕ್ಕೆ ಇದೂ ಒಂದು ಕಾರಣ.

ಆರ್.ಓ. ಘಟಕದ ಒಳಗೆ ಏನಿದೆ?

ಶುದ್ಧ ನೀರಿನ ಘಟಕದ ಒಳಗೆ ನೀರು ನಾಲ್ಕು ಕಡೆ ಹಾದು ಬರುತ್ತದೆ.

ಮೊದಲು ಮರಳಿನ ಫಿಲ್ಟರ್. ಇದು ಕೆಸರು ಹಿಡಿಯುತ್ತದೆ.

ಎರಡನೆಯದು ಕಾರ್ಬನ್ ಫಿಲ್ಟರ್. ಇದರಲ್ಲಿ ಇರುವುದು ಒಂದು ಬಗೆಯ ಇದ್ದಿಲು. ಇದು ವಾಸನೆ, ಬಣ್ಣ, ಕ್ಲೋರಿನ್ ಹೀರುತ್ತದೆ.

ಮೂರನೆಯದು ಆರ್.ಓ. ಇಲ್ಲಿ ಬಹಳ ತೆಳುವಾದ ಪೊರೆ ಇದೆ. ಇದಕ್ಕೆ ಮೆಂಬ್ರೇನ್ ಅಂತಾರೆ. ಮೋಟಾರು ನೀರನ್ನು ಜೋರಾಗಿ ಪೊರೆಗೆ ಒತ್ತುತ್ತದೆ. ನೀರು ಮಾತ್ರ ಪೊರೆ ದಾಟುತ್ತದೆ. ಲವಣ ಬಹುಪಾಲು ಈಚೆಗೇ ಉಳಿಯುತ್ತದೆ. ಫ್ಲೋರೈಡ್ ಮತ್ತು ನೈಟ್ರೇಟ್ ಕಡಿಮೆ ಆಗುವುದು ಇಲ್ಲಿಯೇ.

ನಾಲ್ಕನೆಯದು ಯು.ವಿ. ಇದು ಒಂದು ಬಗೆಯ ಬೆಳಕು. ಉಳಿದ ರೋಗಾಣುಗಳನ್ನು ಹಾಳುಮಾಡುತ್ತದೆ. ಇದು ಫ್ಲೋರೈಡ್ ತೆಗೆಯುವುದಿಲ್ಲ. ಆದ್ದರಿಂದ ಯಾರಾದರೂ ಬರೀ ಯು.ವಿ. ಯಂತ್ರ ಮಾರಲು ಬಂದರೆ ಕೇಳಿ: "ಅಣ್ಣಾ, ಇದರಲ್ಲಿ ಫ್ಲೋರೈಡ್ ಹೋಗ್ತದಾ?"

ಪೊರೆಯ ಈಚೆಗೆ ಉಳಿದ ನೀರು ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಅದರಲ್ಲಿ ಲವಣ ಹೆಚ್ಚು. ಅದನ್ನು ಕುಡಿಯಬಾರದು. ದನಕ್ಕೂ ಕುಡಿಸಬಾರದು. ಬೋರ್‌ವೆಲ್ ಪಕ್ಕದ ಗುಂಡಿಗೆ ಬಿಡಲೂಬಾರದು. ಬಿಟ್ಟರೆ ಅದೇ ಲವಣ ಮತ್ತೆ ನೆಲಕ್ಕೆ ಇಳಿಯುತ್ತದೆ. ಕಕ್ಕಸಿಗೆ ಸುರಿಯಲು, ನೆಲ ತೊಳೆಯಲು ಬಳಸಬಹುದು.

ಪೊರೆ ಹಳೆಯದಾದರೆ ಹರಿಯುತ್ತದೆ, ಕಟ್ಟಿಕೊಳ್ಳುತ್ತದೆ. ಆಗಲೂ ನಾಣ್ಯ ಹಾಕಿದರೆ ನೀರು ಬರುತ್ತದೆ. ಕ್ಯಾನು ತುಂಬುತ್ತದೆ. ಆದರೆ ಫ್ಲೋರೈಡ್ ಹೋಗಿರುವುದಿಲ್ಲ. ಆದ್ದರಿಂದ ಘಟಕದಿಂದ ಬಂದ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು.

ಚೀಟಿ ಓದುವ ಬಗೆ

ಚೀಟಿಯಲ್ಲಿ "ಮಿ.ಗ್ರಾಂ/ಲೀ." ಅಂತ ಇರುತ್ತದೆ. ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಅರ್ಥ. ಒಂದು ಗ್ರಾಂ ಅಂದ್ರೆ 1000 ಮಿಲಿಗ್ರಾಂ. 20 ಲೀಟರಿನ 50 ಕ್ಯಾನು ನೀರಿಗೆ ಒಂದು ಗ್ರಾಂ ಸೇರಿದರೆ, ಲೀಟರಿಗೆ ಒಂದು ಮಿಲಿಗ್ರಾಂ ಆಯಿತು. ಬಹಳ ಸ್ವಲ್ಪ ಅಲ್ಲವೇ? ಫ್ಲೋರೈಡಿನ ವಿಷಯದಲ್ಲಿ ಅಷ್ಟು ಸ್ವಲ್ಪಕ್ಕೂ ಲೆಕ್ಕ ಇದೆ.

ಚೀಟಿಯಲ್ಲಿ ಎರಡು ಮಿತಿ ಇರುತ್ತವೆ. ಮೊದಲನೆಯದು ಒಳ್ಳೆ ನೀರಿನ ಮಿತಿ. ಎರಡನೆಯದು, ಬೇರೆ ನೀರು ಸಿಗದೇ ಇದ್ದಾಗ ಒಪ್ಪುವ ಕೊನೆಯ ಮಿತಿ. ಅದನ್ನು ದಾಟಿದರೆ ಆ ನೀರು ಕುಡಿಯಬಾರದು. ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಹೊರತಂದ ನಿಯಮದಲ್ಲಿ ಈ ಮಿತಿಗಳು ಹೀಗಿವೆ:

ಟಿ.ಡಿ.ಎಸ್.: ಒಳ್ಳೆಯ ಮಿತಿ 500, ಕೊನೆಯ ಮಿತಿ 2000.
ಗಡಸುತನ: ಒಳ್ಳೆಯ ಮಿತಿ 200, ಕೊನೆಯ ಮಿತಿ 600.
ಫ್ಲೋರೈಡ್: ಒಳ್ಳೆಯ ಮಿತಿ 1.0, ಕೊನೆಯ ಮಿತಿ 1.5.
ನೈಟ್ರೇಟ್: ಮಿತಿ 45. ಇದಕ್ಕೆ ಎರಡನೆಯ ಮಿತಿ ಇಲ್ಲ.
ಮಲದ ರೋಗಾಣು: ಇರಲೇಬಾರದು.

ಈಗ ಅಭ್ಯಾಸಕ್ಕೆ ಒಂದು ಚೀಟಿ ಓದೋಣ. ಇದು ಓದಿ ಕಲಿಯಲಿ ಅಂತ ನಾವೇ ಬರೆದದ್ದು.

ಟಿ.ಡಿ.ಎಸ್. 780
ಗಡಸುತನ 320
ಫ್ಲೋರೈಡ್ 2.4
ನೈಟ್ರೇಟ್ 30
ಮಲದ ರೋಗಾಣು: ಇಲ್ಲ

ಒಂದೊಂದೇ ನೋಡಿ. ಟಿ.ಡಿ.ಎಸ್. ಕೊನೆಯ ಮಿತಿಯ ಒಳಗಿದೆ. ಗಡಸುತನವೂ ಒಳಗಿದೆ. ನೈಟ್ರೇಟ್ ಒಳಗಿದೆ. ರೋಗಾಣು ಇಲ್ಲ. ನಾಲ್ಕು ಸರಿ ಇವೆ. ಫ್ಲೋರೈಡ್? 1.5 ದಾಟಿದೆ. ಈ ನೀರು ಕುಡಿಯಲು, ಅಡುಗೆಗೆ ಆಗುವುದಿಲ್ಲ. ಬಟ್ಟೆ ಒಗೆಯಲು, ಸ್ನಾನಕ್ಕೆ ಆಗುತ್ತದೆ. ಫ್ಲೋರೈಡ್ ಒಳಗೆ ಹೋಗುವುದು ಬಾಯಿಂದ, ಚರ್ಮದಿಂದ ಅಲ್ಲ. ನೆನಪಿರಲಿ, ಕುಡಿಯಲು ಕ್ಯಾನಿನ ನೀರು ತಂದು, ಅನ್ನ ಸಾರಿಗೆ ಬೋರ್‌ವೆಲ್ ನೀರು ಹಾಕಿದರೆ ಅರ್ಧ ಕೆಲಸ ಮಾತ್ರ ಆಯಿತು.

ನಾವು ಏನು ಮಾಡಬಹುದು?

2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು. ಪ್ರತಿ ಹಳ್ಳಿಯಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಅದರಲ್ಲಿ ಇದೆ. ಅದಕ್ಕೆ ಒಂದು ಪೆಟ್ಟಿಗೆ ಕೊಡುತ್ತಾರೆ. ರೋಗಾಣು ನೋಡಲು ಅದರಲ್ಲಿ ಸಣ್ಣ ಬಾಟಲಿ ಇರುತ್ತದೆ. ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಒಂದೆರಡು ದಿನ ಬೆಚ್ಚಗೆ ಇಡಬೇಕು. ನೀರು ಕಪ್ಪಾದರೆ ಮಲದ ರೋಗಾಣು ಇದೆ ಅಂತ ಅರ್ಥ. ನಿಮ್ಮ ಊರಿನಲ್ಲಿ ಆ ಐದು ಜನ ಯಾರು? ಪೆಟ್ಟಿಗೆ ಎಲ್ಲಿದೆ? ಪಂಚಾಯಿತಿಯಲ್ಲಿ ಕೇಳಿ.

ಗ್ರಾಮಸಭೆಗೆ ಹೋಗಿ. ಪಿ.ಡಿ.ಓ. ಅವರನ್ನು ಕೇಳಿ: "ಸಾರ್, ನಮ್ಮ ನೀರಿನ ಪರೀಕ್ಷೆ ಯಾವಾಗ ಮಾಡಿಸಿದ್ರಿ? ಫ್ಲೋರೈಡ್ ಎಷ್ಟಿದೆ? ಆರ್.ಓ. ಮೆಂಬ್ರೇನ್ ಯಾವಾಗ ಬದಲಾಯಿಸಿದ್ರಿ? ಚೀಟಿಯನ್ನು ಗೋಡೆಗೆ ಅಂಟಿಸಿ." ಒಬ್ಬರೇ ಕೇಳಿದರೆ ಮಾತು ಹಾರಿಹೋಗಬಹುದು. ಸಂಘದವರೆಲ್ಲ ಸೇರಿ ಬರೆದು ಕೊಡಿ. ಕೆಳಗೆ ಸಹಿ ಹಾಕಿ.

ಮಳೆನೀರು ಹಿಡಿಯಿರಿ. ಅದರಲ್ಲಿ ಬಂಡೆಯ ಫ್ಲೋರೈಡ್ ಸೇರಿರುವುದಿಲ್ಲ. ಮೊದಲ ಮಳೆಯ ನೀರು ಬಿಟ್ಟುಬಿಡಿ. ಅದು ಸೂರಿನ ಧೂಳು ತೊಳೆಯಲಿ. ಆಮೇಲಿನದನ್ನು ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ತುಂಬಿ. ಕುಡಿಯುವಾಗ ಕುದಿಸಿ. ಇಲ್ಲಿ ಕುದಿಸಿದ್ದು ಸಾರ್ಥಕ!

ಮಕ್ಕಳಿಗೆ ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಕೊಡಿ. ಇವು ಮೂಳೆಗೆ ಬಲ. ಆದರೆ ಫ್ಲೋರೈಡ್ ನೀರು ಕುಡಿಸುತ್ತಾ ಇವನ್ನು ಕೊಟ್ಟರೆ ಸಾಲದು. ನೀರು ಬದಲಾಗಲೇಬೇಕು.

ನೆನಪಿಡಿ

ಕೆಸರಿಗೆ ಪಟಿಕ ಮತ್ತು ಸೋಸುವುದು.
ರೋಗಾಣುವಿಗೆ ಕುದಿಸುವುದು, ಕ್ಲೋರಿನ್, ಯು.ವಿ.
ಕರಗಿದ ಫ್ಲೋರೈಡ್, ನೈಟ್ರೇಟಿಗೆ ಆರ್.ಓ., ಇಲ್ಲದಿದ್ದರೆ ಬೇರೆ ನೀರು.

ಯೋಚಿಸಿ, ಉತ್ತರ ಹೇಳಿ

1. ಮಳೆಗಾಲ. ಹೊಳೆ ನೀರು ಕೆಂಪಗಿದೆ. ಊರಿನಲ್ಲಿ ವಾಂತಿಭೇದಿ ಇದೆ. ಆ ನೀರಿಗೆ ಏನೇನು ಮಾಡಬೇಕು? ಯಾವುದು ಮೊದಲು, ಯಾವುದು ಆಮೇಲೆ?

2. ಒಂದು ಮನೆಯ ಬೋರ್‌ವೆಲ್ ನೀರಿನ ಟಿ.ಡಿ.ಎಸ್. 400. "ನಮ್ಮ ನೀರಿಗೆ ಏನೂ ತೊಂದರೆ ಇಲ್ಲ" ಅಂತ ಆ ಮನೆಯಾಕೆ ಅಂತಾಳೆ. ಅವಳಿಗೆ ನೀವು ಏನು ಹೇಳ್ತೀರಿ?

3. 10 ಲೀಟರ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ. ಕುದಿಸಿದ ಮೇಲೆ 6 ಲೀಟರ್ ಉಳಿಯಿತು. ಈಗ ಲೀಟರಿಗೆ ಎಷ್ಟು?

4. ನಿಮ್ಮ ಊರಿನ ನೀರಿನ ಚೀಟಿ ಪಂಚಾಯಿತಿಯಿಂದ ಕೇಳಿ ತನ್ನಿ. ಮುಂದಿನ ತರಗತಿಯಲ್ಲಿ ಎಲ್ಲರೂ ಸೇರಿ ಗಟ್ಟಿಯಾಗಿ ಓದಿ. ಯಾವ ಅಂಕಿ ಮಿತಿ ದಾಟಿದೆಯೋ ಅದರ ಕೆಳಗೆ ಗೆರೆ ಎಳೆಯಿರಿ.